ಕೂತು ಲೆಕ್ಕ ಹಾಕಿ, ಎದ್ದು ಹೊರಡಿ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಿಗ್ಗೆ ಹಾಲು ಕರೆದು, ಮಕ್ಕಳಿಗೆ ಬುತ್ತಿ ಕಟ್ಟಿ, ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಾಯಿಸಿ ಬಂದವರು ಇಲ್ಲಿ ಎಷ್ಟೋ ಜನ ಇದ್ದೀರಿ. ಈ ಸಭೆಗೆ ಬರಲು ನೀವು ಕೊಟ್ಟ ಬೆಲೆ ಅದು. ಇವತ್ತು ನಾನು ಮಾತಾಡಬೇಕಾದ ವಿಷಯವೂ ಬೆಲೆಯದ್ದೇ. "ಯೇಸುವಿನ ಶಿಷ್ಯರಿಗೆ ಬೇಕಾದ ಪೂರ್ಣ ಸಮರ್ಪಣೆ" ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದಾರೆ. ಓದುವಾಗ ನನಗೇ ಸ್ವಲ್ಪ ಭಯವಾಯಿತು. ಪೂರ್ಣ ಅಂದರೆ ಪೂರ್ಣ. ಅರ್ಧ ಇಲ್ಲ, ಮುಕ್ಕಾಲು ಇಲ್ಲ.

ನಮ್ಮ ಸಂಘಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಸೋದರಿಯರು ಒಂದೇ ಚಾಪೆಯ ಮೇಲೆ ಕೂರ್ತೀರಿ. ಅದು ನಮ್ಮ ಹೆಮ್ಮೆ. ನಾನು ಹೇಳುವುದು ಯೇಸುಸ್ವಾಮಿಯ ಮಾತು. ಅದು ನನ್ನ ಬದುಕಿನ ಆಧಾರ. ಕ್ರೈಸ್ತರಲ್ಲದವರು ಇದನ್ನು ಒಬ್ಬ ಅಕ್ಕ ತನ್ನ ಮನೆಯ ಕತೆ ಹೇಳಿದ ಹಾಗೆ ಕೇಳಿಸಿಕೊಳ್ಳಿ. ನಿಮಗೆ ಬೇಕಾದದ್ದನ್ನು ಇಟ್ಟುಕೊಳ್ಳಿ.

ಸಾಲ ಕೇಳುವವರಿಗೆ ನಾವು ಕೇಳುವ ಪ್ರಶ್ನೆ

ವಾರದ ಸಭೆಯಲ್ಲಿ ಒಬ್ಬಳು ಎದ್ದು ನಿಂತು, "ನನಗೆ ಹಸು ತಗೊಳ್ಳೋಕೆ ಸಾಲ ಬೇಕು" ಅಂತಾಳೆ. ನೀವು ಕೂಡಲೇ ಕೊಟ್ಟುಬಿಡ್ತೀರಾ? ಇಲ್ಲ. "ಹಸುವಿಗೆ ಎಷ್ಟು? ಕೊಟ್ಟಿಗೆ ಇದೆಯಾ? ಬೇಸಿಗೆಯಲ್ಲಿ ಮೇವು ಎಲ್ಲಿಂದ ತರ್ತೀಯ? ಹಾಲು ಬತ್ತಿದ ತಿಂಗಳು ಕಂತು ಹೇಗೆ ಕಟ್ತೀಯ?" ಎಂದು ಕೇಳ್ತೀರಿ. ಇದು ಅವಳ ಮೇಲೆ ಅನುಮಾನ ಅಲ್ಲ. ಅವಳು ನಡುದಾರಿಯಲ್ಲಿ ಬೀಳಬಾರದು ಎಂಬ ಪ್ರೀತಿ.

ಯೇಸುಸ್ವಾಮಿಯೂ ಇದನ್ನೇ ಮಾಡಿದರು. ಸಂತ ಲೂಕನ ಶುಭಸಂದೇಶದ 14ನೇ ಅಧ್ಯಾಯವನ್ನು ತೆಗೆದು ನೋಡಿ. ಯೇಸು ಜೆರುಸಲೇಮಿನ ದಾರಿಯಲ್ಲಿದ್ದಾರೆ. ಹಿಂದೆ ಜನಸಾಗರ. ಬೇರೆ ಯಾವ ನಾಯಕನಾದರೂ ಇಷ್ಟು ಜನರನ್ನು ನೋಡಿ ಹಿಗ್ಗುತ್ತಿದ್ದ. ಯೇಸು ಹಿಂದಕ್ಕೆ ತಿರುಗಿ, ನನ್ನ ಶಿಷ್ಯರಾಗುವುದು ಸುಲಭವಲ್ಲ, ಮೊದಲು ಕೂತು ಲೆಕ್ಕ ಹಾಕಿ ಎನ್ನುತ್ತಾರೆ. ಗೋಪುರ ಕಟ್ಟಲು ಹೊರಟವನು ಮೊದಲು ಖರ್ಚನ್ನು ಲೆಕ್ಕ ಮಾಡುವುದಿಲ್ಲವೇ? ಅಡಿಪಾಯ ಹಾಕಿ ನಿಲ್ಲಿಸಿಬಿಟ್ಟರೆ ನೋಡಿದವರು ನಗುವುದಿಲ್ಲವೇ? ಇದು ಅವರು ಕೊಟ್ಟ ಹೋಲಿಕೆ.

ನಮ್ಮೂರುಗಳಲ್ಲಿ ಗೋಪುರ ಕಟ್ಟುವವರಿಲ್ಲ, ಮನೆ ಕಟ್ಟುವವರಿದ್ದಾರೆ. ಕಿಟಕಿ ಮಟ್ಟಕ್ಕೆ ನಿಂತುಹೋದ ಗೋಡೆಗಳು, ಕಂಬದ ತುದಿಯಲ್ಲಿ ತುಕ್ಕು ಹಿಡಿದು ನಿಂತ ಕಬ್ಬಿಣದ ಸರಳುಗಳು ಪ್ರತಿ ಊರಲ್ಲೂ ಒಂದೆರಡು ಕಾಣುತ್ತವೆ. ಒಳಗೆ ಗಿಡ ಬೆಳೆದಿರುತ್ತದೆ. ಆ ಮನೆಯವರು ಕೆಟ್ಟವರಲ್ಲ. ಆಸೆಯಿಂದಲೇ ಶುರು ಮಾಡಿದರು. ಲೆಕ್ಕ ಹಾಕಿರಲಿಲ್ಲ ಅಷ್ಟೇ.

ಹಾಗಾಗಿ ಮೊದಲನೆಯ ಮಾತು ಇದು: ಯೇಸುಸ್ವಾಮಿ ಯಾರನ್ನೂ ಮರುಳು ಮಾಡಿ ಕರೆಯುವುದಿಲ್ಲ. ಬೆಲೆಯನ್ನು ಮುಚ್ಚಿಡುವುದಿಲ್ಲ. ಪೂರ್ತಿ ಲೆಕ್ಕ ಮುಂದಿಟ್ಟು, ಆಮೇಲೆ "ಬರ್ತೀಯಾ?" ಎಂದು ಕೇಳುತ್ತಾರೆ.

ಕಿತ್ತುಕೊಂಡದ್ದು ಬೇರೆ, ಕೊಟ್ಟದ್ದು ಬೇರೆ

ಇದೇ ಅಧ್ಯಾಯದಲ್ಲಿ ಕೇಳಿದರೆ ಎದೆ ಝಲ್ಲೆನ್ನುವ ಮಾತೂ ಇದೆ. ತಂದೆತಾಯಿಯನ್ನು, ಹೆಂಡತಿ ಮಕ್ಕಳನ್ನು, ತನ್ನ ಪ್ರಾಣವನ್ನು ಸಹ ದ್ವೇಷಿಸದವನು ನನ್ನ ಶಿಷ್ಯನಾಗಲಾರ ಎನ್ನುತ್ತಾರೆ. ಒಮ್ಮೆ ಒಬ್ಬ ತಾಯಿ ನನ್ನನ್ನು ಕೇಳಿದರು, "ಸಿಸ್ಟರ್, ಮಕ್ಕಳನ್ನು ದ್ವೇಷಿಸು ಅಂತ ದೇವರು ಹೇಳ್ತಾನಾ?" ಇಲ್ಲಮ್ಮಾ. ಯೇಸು ಬೆಳೆದ ಜನರ ಮಾತಿನ ರೂಢಿಯಲ್ಲಿ, ಒಂದನ್ನು ಮೊದಲು ಇಟ್ಟು ಇನ್ನೊಂದನ್ನು ಅದರ ನಂತರ ಇಡುವುದಕ್ಕೆ ಹೀಗೇ ಹೇಳುತ್ತಿದ್ದರು. ಸಂತ ಮತ್ತಾಯನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಇದೇ ಮಾತು ಬಿಡಿಸಿ ಬಂದಿದೆ: ತಂದೆತಾಯಿಯನ್ನಾಗಲಿ ಮಕ್ಕಳನ್ನಾಗಲಿ ನನಗಿಂತ ಹೆಚ್ಚಾಗಿ ಪ್ರೀತಿಸಬೇಡ ಎಂಬುದೇ ಅದರ ಅರ್ಥ. ಪ್ರೀತಿಯನ್ನು ಬಿಡು ಎಂದಲ್ಲ, ದೇವರನ್ನು ಮೊದಲು ಇಡು ಎಂದು.

ಇಲ್ಲಿ ನಾನು ಹೆಣ್ಣುಮಕ್ಕಳಿಗೆ ಒಂದು ಮಾತು ಬಿಚ್ಚಿ ಹೇಳಲೇಬೇಕು. ತ್ಯಾಗ ಎಂದ ಕೂಡಲೇ ನೀವು ತಲೆ ಆಡಿಸ್ತೀರಿ. ಯಾಕೆಂದರೆ ಚಿಕ್ಕಂದಿನಿಂದ ನಿಮಗೆ ಕಲಿಸಿದ್ದು ಅದೇ. ಮೊಟ್ಟೆ ಅಣ್ಣನಿಗೆ, ಓದು ತಮ್ಮನಿಗೆ, ಕೊನೆಯ ಊಟ ಅಮ್ಮನಿಗೆ. ಮದುವೆಯಾದ ಮೇಲೆ ಕುಡಿದು ಬಂದ ಗಂಡ ಕೈ ಎತ್ತಿದರೆ, "ಅದು ನಿನ್ನ ಶಿಲುಬೆ, ಹೊತ್ತುಕೋ" ಎಂದು ಬುದ್ಧಿ ಹೇಳಿದವರೂ ಇದ್ದಾರೆ. ನಮ್ಮಂಥ ಕನ್ಯಾಸ್ತ್ರೀಯರೂ ಹಾಗೆ ಹೇಳಿದ್ದುಂಟು. ಅದಕ್ಕಾಗಿ ನಾನು ನಿಮ್ಮ ಕ್ಷಮೆ ಕೇಳುತ್ತೇನೆ.

ಯೇಸುಸ್ವಾಮಿಯ ಪ್ರಾಣವನ್ನು ಯಾರೂ ಅವರಿಂದ ಕಿತ್ತುಕೊಳ್ಳಲಿಲ್ಲ, ಅವರಾಗಿಯೇ ಕೊಟ್ಟರು ಎಂದು ಸಂತ ಯೊವಾನ್ನನ ಶುಭಸಂದೇಶ ಹೇಳುತ್ತದೆ. ಕಿತ್ತುಕೊಂಡದ್ದು ಸಮರ್ಪಣೆಯಲ್ಲ. ಹೆದರಿಸಿ ಪಡೆದದ್ದು ಸಮರ್ಪಣೆಯಲ್ಲ. ಹೊಡೆತ ತಿನ್ನುವುದು ಶಿಲುಬೆಯಲ್ಲ, ಅದು ಅಪರಾಧ. ಅದನ್ನು ತಡೆಯಲು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ, 181 ಎಂಬ ಮಹಿಳಾ ಸಹಾಯವಾಣಿ ಇದೆ. ನಾನು, ನನ್ನದು ಎಂದು ಹೇಳಲು ಏನೂ ಉಳಿಯದ ಹೆಂಗಸು ದೇವರಿಗೆ ತಾನೇ ಏನನ್ನು ಕೊಟ್ಟಾಳು? ನಮ್ಮ ಸಂಘದ ಉಳಿತಾಯ, ನಿಮ್ಮ ಹೆಸರಿನ ಪಾಸ್ ಬುಕ್ಕು, ನೀವೇ ಹಾಕುವ ಸಹಿ ಇವೆಲ್ಲ ಅದಕ್ಕೇ ಇರುವುದು. ಮೊದಲು ನಿಮ್ಮ ಬದುಕು ನಿಮ್ಮ ಕೈಗೆ ಬರಬೇಕು. ಆಮೇಲೆ ಅದನ್ನು ಯಾರಿಗಾಗಿ ಕೊಡುತ್ತೀರಿ ಎಂಬ ಪ್ರಶ್ನೆ.

ಯೇಸುವಿನ ಜೊತೆ ಊರೂರು ನಡೆದ ಹೆಂಗಸರು ಹಾಗಿದ್ದರು. ಮಗ್ದಲದ ಮರಿಯ, ಯೊವಾನ್ನ, ಸುಸನ್ನ ಮತ್ತು ಇನ್ನೂ ಅನೇಕರು ತಮ್ಮ ಸ್ವಂತ ಹಣದಿಂದ ಯೇಸುವಿಗೂ ಶಿಷ್ಯರಿಗೂ ನೆರವಾಗುತ್ತಿದ್ದರು ಎಂದು ಲೂಕನ 8ನೇ ಅಧ್ಯಾಯದಲ್ಲಿದೆ. ಗಂಡಸರು ಓಡಿಹೋದ ದಿನವೂ ಗಲಿಲೇಯದಿಂದ ಬಂದ ಹೆಂಗಸರು ಶಿಲುಬೆಯನ್ನು ನೋಡುತ್ತಾ ನಿಂತಿದ್ದರು. ಯಾರೂ ಅವರನ್ನು ಬಲವಂತ ಮಾಡಿ ನಿಲ್ಲಿಸಿರಲಿಲ್ಲ.

ಉದಯನಗರದ ಸಿಸ್ಟರ್

ಈಗ ನಿಮಗೆ ಒಬ್ಬ ಸಿಸ್ಟರ್ ಕತೆ ಹೇಳ್ತೀನಿ. ಸಂಘ ಕಟ್ಟಿದ ನಿಮಗೆ ಇದು ಹೊರಗಿನ ಕತೆ ಅನ್ನಿಸುವುದಿಲ್ಲ.

ಕೇರಳದ ಎರ್ನಾಕುಳಂ ಜಿಲ್ಲೆಯ ಪುಲ್ಲುವಳಿ ಎಂಬ ಊರಿನಲ್ಲಿ 1954ರ ಜನವರಿ 29ರಂದು ಒಂದು ರೈತ ಕುಟುಂಬದಲ್ಲಿ ಅವರು ಹುಟ್ಟಿದರು. ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆ ಸೇರಿ ಸಿಸ್ಟರ್ ರಾಣಿ ಮರಿಯ ಆದರು. ಮಲಯಾಳಂ ನಾಡಿನ ಹುಡುಗಿ ಹಿಂದಿ ಕಲಿತು ಉತ್ತರಕ್ಕೆ ಹೋದರು. ಮೊದಲು ಬಿಜನೋರ್, ಆಮೇಲೆ ಮಧ್ಯಪ್ರದೇಶದ ಓಡ್ಗಡಿ, 1992ರಲ್ಲಿ ಇಂದೋರ್ ಧರ್ಮಕ್ಷೇತ್ರದ ಉದಯನಗರ.

ಅಲ್ಲಿ ಆದಿವಾಸಿ ಜನ ಸಾಹುಕಾರರ ಸಾಲದಲ್ಲಿ ಮುಳುಗಿದ್ದರು. ತೆಗೆದುಕೊಂಡದ್ದು ಸ್ವಲ್ಪ, ಕಟ್ಟಿದ್ದು ಎಷ್ಟೋ, ಆದರೂ ಸಾಲ ಹಾಗೇ ಇರುತ್ತಿತ್ತು. ಸಿಸ್ಟರ್ ಹಳ್ಳಿ ಹಳ್ಳಿಗೆ ಹೋಗಿ ಜನರನ್ನು ಕೂಡಿಸಿದರು. ಸರ್ಕಾರದ ಯೋಜನೆ ಏನಿದೆ, ಬ್ಯಾಂಕಿನಲ್ಲಿ ಸಾಲ ಹೇಗೆ ಸಿಗುತ್ತದೆ, ನ್ಯಾಯವಾದ ಕೂಲಿ ಎಷ್ಟು ಎಂದು ತಿಳಿಸಿದರು. ಹೆಂಗಸರ ಉಳಿತಾಯದ ಗುಂಪು ಕಟ್ಟಿದರು. ನಬಾರ್ಡ್ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿದ್ದೂ ಅದೇ 1992ರಲ್ಲಿ. ಇವತ್ತು ನೀವು ಬ್ಯಾಂಕ್ ಮ್ಯಾನೇಜರ್ ಮುಂದೆ ಕುರ್ಚಿ ಎಳೆದು ಕೂರುವುದಕ್ಕೆ ದಾರಿ ಶುರುವಾದ ಕಾಲ ಅದು.

ಜನ ಸಾಹುಕಾರನ ಹತ್ತಿರ ಹೋಗುವುದು ನಿಂತರೆ ಯಾರಿಗೆ ನಷ್ಟ? ನಿಮಗೇ ಗೊತ್ತು. ಬೆದರಿಕೆಗಳು ಬಂದವು. ಸಿಸ್ಟರ್ ಕೆಲಸ ನಿಲ್ಲಿಸಲಿಲ್ಲ. 1995ರ ಫೆಬ್ರುವರಿ 25ರಂದು ಅವರು ಉದಯನಗರದಿಂದ ಇಂದೋರಿಗೆ ಬಸ್ಸಿನಲ್ಲಿ ಹೊರಟಿದ್ದರು. ದಾರಿಯಲ್ಲಿ, ಕಾಡಿನ ಜಾಗದಲ್ಲಿ, ಸಮಂದರ್ ಸಿಂಗ್ ಎಂಬ ಯುವಕ ತುಂಬಿದ ಬಸ್ಸಿನಲ್ಲೇ ಅವರನ್ನು ಚೂರಿಯಿಂದ ಇರಿದ. ಮೈಮೇಲೆ 50ಕ್ಕೂ ಹೆಚ್ಚು ಗಾಯಗಳಿದ್ದವು. ಯೇಸುವಿನ ಹೆಸರು ಹೇಳುತ್ತಲೇ ಅವರು ಪ್ರಾಣ ಬಿಟ್ಟರು. ಆಗ ಅವರಿಗೆ 41 ವರ್ಷ. ತನ್ನನ್ನು ಬೇರೆಯವರು ಎತ್ತಿಕಟ್ಟಿದ್ದರು ಎಂದು ಕೊಂದವನೇ ಮುಂದೆ ಹೇಳಿಕೊಂಡ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ಧರ್ಮಸಭೆ ಅವರನ್ನು ಪುನೀತೆ ಎಂದು ಘೋಷಿಸಿತು.

1995ರಲ್ಲಿ ಈ ಸುದ್ದಿ ಬಂದಾಗ ನಾನು ಕಾನ್ವೆಂಟಿನಲ್ಲಿ ತರಬೇತಿಯಲ್ಲಿದ್ದೆ. ಇನ್ನೂ ಮೊದಲ ವ್ರತ ತೆಗೆದುಕೊಂಡಿರಲಿಲ್ಲ. ನನ್ನ ಅಮ್ಮ ಬಂದು, "ಮನೆಗೆ ವಾಪಸ್ ಬಾ ಮಗಳೇ, ಯಾರೂ ಏನೂ ಅನ್ನಲ್ಲ" ಎಂದು ಅತ್ತರು. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಆವತ್ತು ನಾನೂ ಕೂತು ಲೆಕ್ಕ ಹಾಕಿದೆ. ಉಳಿಯುತ್ತೇನೆ ಎಂದು ತೀರ್ಮಾನ ಮಾಡಿದೆ.

ನಾನು ನಿಲ್ಲಿಸಿದ ಗೋಡೆ

ಆದರೆ ತೀರ್ಮಾನ ಮಾಡುವುದು ಒಂದು ದಿನದ ಕೆಲಸ. ನಡೆಸುವುದು ದಿನದಿನದ ಕೆಲಸ. ಇದನ್ನು ನಾನು ಒಂದು ತಪ್ಪಿನಿಂದ ಕಲಿತೆ.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಎಂ.ಎಸ್.ಡಬ್ಲ್ಯೂ. ಮುಗಿಸಿ ಬಂದ ಹೊಸತು. ಒಂದು ಊರಿನಲ್ಲಿ ನಮ್ಮ ಸಂಘದ ಸದಸ್ಯೆಯೊಬ್ಬಳು ಬಡ್ಡಿ ವ್ಯಾಪಾರದವನೊಬ್ಬನಿಂದ ಸಾಲ ಮಾಡಿದ್ದಳು. ಅವನು ಸಂತೆಯ ದಿನ ನಾಲ್ಕು ಜನರ ಮುಂದೆ ಅವಳ ಸೆರಗು ಹಿಡಿದು ಎಳೆದ. ಅವಳು ಸಂಜೆ ಕಾನ್ವೆಂಟಿಗೆ ಓಡಿ ಬಂದಳು. "ಸಿಸ್ಟರ್, ನೀವು ಒಂದೇ ಒಂದು ಸಲ ನನ್ನ ಜೊತೆ ಸ್ಟೇಷನ್ನಿಗೆ ಬನ್ನಿ, ಸಾಕು" ಎಂದಳು.

ನಾನು, "ನಾಳೆ ನೋಡೋಣ" ಎಂದೆ. ಯಾಕೆ ಗೊತ್ತಾ? ಅದೇ ವಾರ ನಮ್ಮ ಹೊಲಿಗೆ ತರಬೇತಿ ಕೇಂದ್ರದ ಜಾಗದ ಕಾಗದಪತ್ರ ಆಗಬೇಕಿತ್ತು. ಆ ಮನುಷ್ಯನ ಮನೆಯವರ ಸಹಿ ಬೇಕಿತ್ತು. ಕಾಗದ ಆಗಲಿ, ಆಮೇಲೆ ಹೋದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಡ ಹೆಂಗಸರಿಗಾಗಿಯೇ ತಾನೇ ಆ ಕೇಂದ್ರ ಎಂದುಕೊಂಡೆ.

ನಾಲ್ಕು ದಿನ ಬಿಟ್ಟು ಅವಳ ಮನೆಗೆ ಹೋದೆ. ಬಾಗಿಲಿಗೆ ಬೀಗ. ಎರಡು ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟು ಹೋಗಿದ್ದಳು. ಅವಳ ಪಾಸ್ ಬುಕ್ಕು ಸಂಘದ ಪೆಟ್ಟಿಗೆಯಲ್ಲಿ ಉಳಿದಿತ್ತು. 640 ರೂಪಾಯಿ ಉಳಿತಾಯ. ಎರಡು ವರ್ಷದ ಮೇಲೆ ಅವಳ ತಂಗಿ ಬಂದು ಆ ಹಣ ತೆಗೆದುಕೊಂಡು ಹೋದಳು. ಅವಳು ಬರಲಿಲ್ಲ. ಹೊಲಿಗೆ ಕೇಂದ್ರ ಕಟ್ಟಿ ಮುಗಿಸಿದೆವು. ಜನ ಚೆನ್ನಾಗಿದೆ ಎಂದರು. ನನಗೆ ಮಾತ್ರ ಆ ಕಟ್ಟಡ ನೋಡಿದಾಗಲೆಲ್ಲ ಅರ್ಧಕ್ಕೆ ನಿಂತ ಗೋಡೆಯ ಹಾಗೆ ಕಾಣುತ್ತಿತ್ತು.

ಪ್ರಾಣ ಕೊಡುತ್ತೇನೆ ಎಂದು ವ್ರತ ತೆಗೆದುಕೊಂಡವಳು ನಾನು. ಯಾರೂ ನನ್ನ ಪ್ರಾಣ ಕೇಳಲಿಲ್ಲ. ಒಂದು ಸಂಜೆ ಕೇಳಿದರು. ನಾನು ಕೊಡಲಿಲ್ಲ.

ನಿಮ್ಮಿಂದ ಏನು ಕೇಳುತ್ತಾರೆ?

ನಿಮ್ಮಲ್ಲಿ ಹೆಚ್ಚಿನವರಿಗೆ ರಾಣಿ ಮರಿಯರ ಸಾವು ಬರುವುದಿಲ್ಲ, ಬರುವುದೂ ಬೇಡ. ಆದರೆ ಅಂಥ ಒಂದು ಸಂಜೆ ಎಲ್ಲರಿಗೂ ಬರುತ್ತದೆ. ಅದಕ್ಕೆ ಮೂರು ಮಾತು ನೆನಪಿಡಿ.

ಮೊದಲನೆಯದು, ಹೇಳಿದ ಹೊತ್ತಿಗೆ ಜೊತೆಗಿರಿ. ಸಂಘದ ಸದಸ್ಯೆಯ ಮನೆ ಮುಂದೆ ವಸೂಲಿಗೆ ಬಂದವರು ಕೂಗಾಡುವಾಗ ಕಿಟಕಿಯ ಹಿಂದೆ ನಿಂತು ನೋಡಬೇಡಿ. ಬಲವಂತದ ಸಾಲ ವಸೂಲಿ ತಡೆಯಲು ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಷ್ಟು ಮನೆಗಳಲ್ಲಿ ಅಷ್ಟು ಕಣ್ಣೀರು ಹರಿದಿತ್ತು. ಕಾನೂನು ಬಂದರೂ ಸ್ಟೇಷನ್ನಿನ ಮೆಟ್ಟಿಲು ಹತ್ತಲು ಜೊತೆಗೆ ಜನ ಬೇಕು. ಒಬ್ಬಳೇ ಹೋಗಬೇಡಿ, ಐದು ಜನ ಹೋಗಿ. ಸಂಘ ಇರುವುದು ಉಳಿತಾಯಕ್ಕೆ ಮಾತ್ರವಲ್ಲ.

ಎರಡನೆಯದು, ಬಿಡಬೇಕಾದದ್ದನ್ನು ಬಿಡಿ. ತನಗಿರುವುದನ್ನೆಲ್ಲ ಬಿಟ್ಟುಕೊಡದವರು ಶಿಷ್ಯರಾಗಲಾರರು ಎಂದು ಯೇಸು ಆ ಮಾತನ್ನು ಮುಗಿಸುತ್ತಾರೆ. "ನಮ್ಮ ಹತ್ತಿರ ಬಿಡೋಕೆ ಏನಿದೆ ಸಿಸ್ಟರ್?" ಅಂತೀರಿ. ಇದೆ. ಆರು ವರ್ಷದಿಂದ ಸಂಘದ ಪ್ರತಿನಿಧಿ ಸ್ಥಾನ ಬಿಡದವರು ಇಲ್ಲೇ ಇದ್ದೀರಿ. ಲೆಕ್ಕದ ಪುಸ್ತಕ ಇನ್ನೊಬ್ಬಳಿಗೆ ಕಲಿಸದವರು ಇದ್ದೀರಿ. ಕೆಲವರ ಮನೆಯಲ್ಲಿ ಸಭೆ ಇಟ್ಟರೆ ಚಹಾ ಕುಡಿಯದೆ ಎದ್ದು ಹೋಗುವವರು ಇದ್ದೀರಿ. ಯಾಕೆಂದು ನಿಮಗೂ ಗೊತ್ತು, ನನಗೂ ಗೊತ್ತು. ಯೇಸುವಿನ ಶಿಷ್ಯೆ ಎಂದು ಕೊರಳಲ್ಲಿ ಜಪಸರ ಹಾಕಿಕೊಂಡು ಜಾತಿಯನ್ನು ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡರೆ ಅದು ಯಾವ ಸಮರ್ಪಣೆ? ಬಡವರಿಗೂ ಬಿಡಲು ಬೇಕಾದಷ್ಟಿದೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು, ಕ್ಷಮೆ. ರಾಣಿ ಮರಿಯರ ತಂಗಿಯೂ ಅದೇ ಸಭೆಯ ಸಿಸ್ಟರ್, ಹೆಸರು ಸೆಲ್ಮಿ ಪೌಲ್. ಕೊಲೆಯಾಗಿ ಏಳು ವರ್ಷದ ಮೇಲೆ, 2002ರ ರಕ್ಷಾಬಂಧನದಂದು ಅವರು ಇಂದೋರಿನ ಜೈಲಿಗೆ ಹೋಗಿ ಅಕ್ಕನನ್ನು ಕೊಂದವನ ಕೈಗೆ ರಾಖಿ ಕಟ್ಟಿ, ಅವನನ್ನು ಅಣ್ಣನೆಂದು ಸ್ವೀಕರಿಸಿದರು. ತಾಯಿಯೂ ಅವನನ್ನು ಕ್ಷಮಿಸಿದರು. ಅವನ ಬಿಡುಗಡೆಗೆ ಮನೆಯವರೇ ಒಪ್ಪಿಗೆ ಕೊಟ್ಟರು. 2006ರಲ್ಲಿ ಅವನು ಹೊರಗೆ ಬಂದ. ಆಮೇಲೆ ಕೇರಳದ ಆ ಮನೆಗೂ ಹೋದ, ಮನೆಯವರು ಬರಮಾಡಿಕೊಂಡರು.

ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ಅವರು ಅಪರಾಧವನ್ನು ಮುಚ್ಚಿಹಾಕಲಿಲ್ಲ. ನ್ಯಾಯಾಲಯ ವಿಚಾರಣೆ ಮಾಡಿತು, ಶಿಕ್ಷೆ ಕೊಟ್ಟಿತು, ಅವನು ವರ್ಷಗಟ್ಟಲೆ ಜೈಲಿನಲ್ಲಿದ್ದ. ಕ್ಷಮಿಸು ಎಂದು ಅವರನ್ನು ಒತ್ತಾಯಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಅವರೂ ಕೂತು ಲೆಕ್ಕ ಹಾಕಿ, ತಮ್ಮ ಕೈಯಾರೆ ಕೊಟ್ಟರು. ಅಕ್ಕ ಪ್ರಾಣ ಕೊಟ್ಟದ್ದು ಎಷ್ಟು ದೊಡ್ಡದೋ, ತಂಗಿ ಸಿಟ್ಟನ್ನು ಕೊಟ್ಟದ್ದೂ ಅಷ್ಟೇ ದೊಡ್ಡದು ಎಂದು ನನಗೆ ಅನ್ನಿಸುತ್ತದೆ. ನಿಮ್ಮ ಸಂಘದಲ್ಲಿ ಎರಡು ವರ್ಷದಿಂದ ಮಾತು ಬಿಟ್ಟವರು ಇದ್ದರೆ, ಈ ವಾರ ಅವರ ಮನೆಯ ಬಾಗಿಲು ತಟ್ಟುವ ಬಗ್ಗೆ ಯೋಚಿಸಿ. ಇವತ್ತೇ ಆಗದಿದ್ದರೆ ಪರವಾಗಿಲ್ಲ. ಅವರಿಗೇ ಏಳು ವರ್ಷ ಬೇಕಾಯಿತು.

ಕೊನೆಯ ಮಾತು

ಸೋದರಿಯರೇ, ಲೆಕ್ಕ ಹಾಕಿದ ಮೇಲೆ ಕೈಯಲ್ಲಿರುವುದು ಸಾಲದು ಎಂದು ಅನ್ನಿಸಿದರೆ ಹೆದರಬೇಡಿ. ನಿಮ್ಮಲ್ಲಿ ಯಾರ ಹತ್ತಿರವೂ ಹಸು ಕೊಳ್ಳುವಷ್ಟು ಹಣ ಇರಲಿಲ್ಲ. ವಾರಕ್ಕೆ ಹತ್ತು ಹತ್ತು ರೂಪಾಯಿ ಸೇರಿಸಿಯೇ ಇವತ್ತು ಕೊಟ್ಟಿಗೆಯಲ್ಲಿ ಹಸು ಇದೆ. ಪೂರ್ಣ ಸಮರ್ಪಣೆಯೂ ಹಾಗೆಯೇ ಕೂಡಿ ಬರುತ್ತದೆ. ಒಂದು ಸಂಜೆ, ಒಂದು ಸಾಕ್ಷಿ, ಬಿಟ್ಟುಕೊಟ್ಟ ಒಂದು ಕುರ್ಚಿ, ಕುಡಿದ ಒಂದು ಲೋಟ ಚಹಾ. ಕೊರತೆ ಬಿದ್ದದ್ದನ್ನು ದೇವರು ತುಂಬುತ್ತಾರೆ ಎಂಬುದು ನನ್ನ ನಂಬಿಕೆ. ಆ ನಂಬಿಕೆಯಿಂದಲೇ ನಾನು ಆ ತಪ್ಪಿನ ನಂತರವೂ ಈ ಕೆಲಸದಲ್ಲಿ ಉಳಿದಿದ್ದೇನೆ. ಆ ದಿನದಿಂದ, ಹೆಂಗಸೊಬ್ಬಳು "ಜೊತೆಗೆ ಬನ್ನಿ" ಎಂದರೆ "ನಾಳೆ" ಎನ್ನುವ ಮಾತನ್ನು ನಾನು ಹೇಳಿಲ್ಲ.

ದೇವರು ನಿಮ್ಮನ್ನೂ ನಿಮ್ಮ ಮನೆಯವರನ್ನೂ ಆಶೀರ್ವದಿಸಲಿ.

ಮುಂದಿನ ವಾರದ ಸಭೆಯಲ್ಲಿ ಚರ್ಚಿಸಿ:

1. ನನ್ನಿಂದ ಕಿತ್ತುಕೊಂಡದ್ದು ಯಾವುದು? ನಾನಾಗಿಯೇ ಕೊಟ್ಟದ್ದು ಯಾವುದು?

2. ನಮ್ಮ ಸಂಘದಲ್ಲಿ ಈಗ ಜೊತೆ ಬೇಕಾಗಿರುವ ಸದಸ್ಯೆ ಯಾರು? ಅವಳ ಜೊತೆ ಯಾರು, ಯಾವ ದಿನ ಹೋಗುತ್ತೀರಿ? ಠರಾವು ಪುಸ್ತಕದಲ್ಲಿ ಬರೆದುಕೊಳ್ಳಿ.

3. ನಾವು ಬಿಡಲಾರದೆ ಹಿಡಿದುಕೊಂಡಿರುವುದು ಏನು?